ಹಳೆಯ ಲೇತ್ ತಂದಿದ್ದೇನೆ, ಮೊದಲು ಏನು ಮಾಡಲಿ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮುಚ್ಚುತ್ತಿದ್ದ ವರ್ಕ್‌ಶಾಪ್ ಒಂದರಿಂದ ನಾಲ್ಕೂವರೆ ಅಡಿಯ ಲೇತ್ (ಲೋಹವನ್ನು ತಿರುಗಿಸುತ್ತಾ ಸವರುವ ಯಂತ್ರ) ತಂದಿದ್ದೇನೆ. ಚಕ್ಕಿಗೆ, ಅಂದರೆ ಹಿಡಿದು ತಿರುಗಿಸುವ ಭಾಗಕ್ಕೆ, ರಾಡ್ ಕಟ್ಟಿ ಸುಮ್ನೆ ಸವರುವಷ್ಟು ಬಂದಿದೆ. ಉಪಯೋಗಕ್ಕೆ ಬರುವಂಥದ್ದು ಏನು ಮಾಡುತ್ತಾ ಕಲಿಯಬಹುದು?

ಉತ್ತರ: ಬುಷ್, ಅಂದರೆ ಶಾಫ್ಟ್ ತಿರುಗುವ ಜಾಗದಲ್ಲಿ ಕೂರಿಸುವ ಲೋಹದ ಬಳೆ. ತೋಟದವರಿಗೆ ಲೇತ್‌ಗೆ ಹಾಕಿದ ದುಡ್ಡು ವಾಪಸು ಬರುವುದು ಅದರಲ್ಲೇ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಇರಲಿ, ಕೈಗಾಡಿಯ ಚಕ್ರ ಇರಲಿ, ಮೊದಲು ಸವೆಯುವುದು ಬುಷ್ ತಾನೇ. ಆದರೆ ಬುಷ್‌ಗೆ ಒಳಗಿನ ಅಳತೆಯೂ ಸರಿ ಬರಬೇಕು, ಹೊರಗಿನದೂ ಬರಬೇಕು. ಅಲ್ಲಿಗೆ ಹೋಗುವ ಮುಂಚೆ ಅಳತೆ ಸ್ವಲ್ಪ ತಪ್ಪಿದರೂ ನಡೆಯುವ ಎರಡು ಕೆಲಸ ಮಾಡಿಕೊಳ್ಳಿ.

ಒಂದು, ದಪ್ಪ ವಾಷರ್. 40 ಮಿ.ಮೀ. ಬ್ರೈಟ್ ಬಾರ್ (ನುಣುಪು ಮೈಯ ಉಕ್ಕಿನ ರಾಡ್) ತುಂಡು ಸಾಕು. ಮನೆ ಕಟ್ಟುವಾಗ ಉಳಿದ ಟಿಎಂಟಿ ಕಂಬಿ ಎಲ್ಲರ ಮನೆಯಲ್ಲೂ ಬಿದ್ದಿರುತ್ತದೆ, ಅದು ಬೇಡ. ಅದರ ಹೊರಪದರ ಗಟ್ಟಿ, ಮೈಯೂ ಉಬ್ಬುತಗ್ಗು. ಕಲಿಯುವವರ ಟೂಲ್ ಹಾಳಾಗುತ್ತದೆ, ಅಷ್ಟೇ. ಮೊದಲು ಮುಖ ಸವರಿ. ನಟ್ಟನಡುವೆ ಸಣ್ಣ ಉಬ್ಬು ಉಳಿಯಿತಾ? ಹೆಚ್ಚಾಗಿ ಟೂಲ್ ತುದಿ ಸೆಂಟರ್‌ಗಿಂತ ಕೆಳಗಿದೆ ಅಂತ ಅರ್ಥ. ಅಡಿಗೆ ಹಳೆ ಹ್ಯಾಕ್ಸಾ ಬ್ಲೇಡಿನ ತುಂಡು ಕೊಟ್ಟು ಎತ್ತರಿಸಿ. ಆಮೇಲೆ ನಡುವೆ ಗುರುತು ತೂತು ಹಾಕುವ ಸೆಂಟರ್ ಡ್ರಿಲ್, ಅದಾದ ಮೇಲೆ ಡ್ರಿಲ್. ಪಾರ್ಟಿಂಗ್ ಟೂಲ್ ಹಾಕಿ ಕತ್ತರಿಸುವ ಆಸೆ ಈಗಲೇ ಬೇಡ. ಹಳೆ ಲೇತ್‌ನಲ್ಲಿ ಅದು ಕಚ್ಚಿಕೊಳ್ಳುವುದು ಜಾಸ್ತಿ. ಹ್ಯಾಕ್ಸಾದಲ್ಲಿ ಕೊಯ್ದು, ತಿರುಗಿಸಿ ಕಟ್ಟಿ, ಇನ್ನೊಂದು ಮುಖ ಸವರಿದರಾಯಿತು.

ವೇಗ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್‌ನಲ್ಲಿ ಎಂಎಸ್ (ಮೆತು ಉಕ್ಕು) ಸವರಲು ರಾಡ್‌ನ ಮೈ ನಿಮಿಷಕ್ಕೆ 25 ಮೀಟರ್ ಓಡುವಂತೆ ಹಿಡಿಯಿರಿ. 40 ಮಿ.ಮೀ. ರಾಡ್‌ಗೆ ಅದು ನಿಮಿಷಕ್ಕೆ ಸುಮಾರು 200 ಸುತ್ತು, 25 ಮಿ.ಮೀ.ಗೆ 320.

ಎರಡನೆಯದು ಸೆಂಟರ್ ಪಂಚ್, ತೂತಿನ ಜಾಗ ಗುರುತಿಸುವ ಮೊನೆಯ ಉಳಿ. 12 ಮಿ.ಮೀ. ಸಿಲ್ವರ್ ಸ್ಟೀಲ್ (ಕಾಯಿಸಿ ಗಟ್ಟಿ ಮಾಡಬಹುದಾದ ಟೂಲ್ ಉಕ್ಕು) ತನ್ನಿ. ಟೂಲ್ ಕೂರುವ ಮೇಲಿನ ಸ್ಲೈಡ್ (ಕಾಂಪೌಂಡ್ ಸ್ಲೈಡ್) ಓರೆ ಮಾಡಿ ಮೊನೆ ತೆಗೆಯಿರಿ, ಹಿಡಿಯುವ ಕಡೆ ಜಾರದಂತೆ ಗೆರೆ ಒತ್ತುವ ನರ್ಲಿಂಗ್ ಮಾಡಿ. ಮೊನೆಯನ್ನು ಮಾತ್ರ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ. ಆಮೇಲೆ ಉಜ್ಜಿ ಬೆಳ್ಳಗೆ ಮಾಡಿ, ಹಿಂದಿನಿಂದ ನಿಧಾನಕ್ಕೆ ಬಿಸಿ ಕೊಟ್ಟು, ಒಣಹುಲ್ಲಿನ ಬಣ್ಣ ಮೊನೆಗೆ ಬಂದ ಕೂಡಲೇ ಮತ್ತೆ ಅದ್ದಿ. ಸುತ್ತಿಗೆ ಬೀಳುವ ತಲೆ ಮೆತ್ತಗೇ ಇರಲಿ. ಗಟ್ಟಿಯಾದರೆ ಚೂರು ಹಾರುತ್ತದೆ.

ಈಗ ಬುಷ್. ಗನ್‌ಮೆಟಲ್ (ತಾಮ್ರ, ತವರದ ಮಿಶ್ರಲೋಹ) ರಾಡ್ ಕಟ್ಟಿ. ತೂತು, ಅದನ್ನು ಅಳತೆಗೆ ದೊಡ್ಡದು ಮಾಡುವ ಬೋರಿಂಗ್, ಹೊರಮೈ ಮೂರನ್ನೂ ಒಂದೇ ಸಲ ಕಟ್ಟಿದ್ದರಲ್ಲೇ ಮುಗಿಸಿ. ನಡುವೆ ಬಿಚ್ಚಿ ಕಟ್ಟಿದರೆ ಒಳಗೂ ಹೊರಗೂ ಒಂದೇ ಸೆಂಟರ್ ಉಳಿಯುವುದಿಲ್ಲ. ಟೂಲ್ ಸರಿಸುವ ಹಿಡಿಯ ಡಯಲ್ ನಂಬುವ ಮುಂಚೆ ಒಂದು ಸಲ ಸವರಿ ಅಳೆದು ನೋಡಿ. ಕೆಲವು ಲೇತ್‌ಗಳಲ್ಲಿ ಅರ್ಧ ಮಿ.ಮೀ. ತಿರುಗಿಸಿದರೆ ದಪ್ಪದಲ್ಲಿ ಒಂದು ಮಿ.ಮೀ. ಹೋಗುತ್ತದೆ. ಹಿಂದಕ್ಕೆ ತಿರುಗಿಸಿದ ಮೇಲೆ ಸ್ಕ್ರೂವಿನ ಸಡಿಲ ಕಳೆಯುವವರೆಗೆ ಮುಂದಕ್ಕೆ ಬಂದೇ ಓದಬೇಕು.

ಬುಷ್ ಕೂರುವ ತೂತು 32 ಮಿ.ಮೀ. ಇದ್ದರೆ ಹೊರಮೈ 32.03 ಇರಲಿ. ಈ ಅಳತೆಗೆ ವರ್ನಿಯರ್ ಸಾಲದು, ಮೈಕ್ರೋಮೀಟರ್ ಬೇಕು. ಒತ್ತಿ ಕೂರಿಸಿದ ಮೇಲೆ ಒಳಗಿನ ಬೋರ್ (ತೂತು) ಹೆಚ್ಚುಕಡಿಮೆ ಆ 0.03ರಷ್ಟೇ ಕಿರಿದಾಗುತ್ತದೆ. ಹೊಸಬರು ಮರೆಯುವುದು ಇದನ್ನೇ. ಮೇಜಿನ ಮೇಲೆ ಸಲೀಸಾಗಿ ಹೋಗುತ್ತಿದ್ದ ಶಾಫ್ಟ್ ಕೂರಿಸಿದ ಮೇಲೆ ಅಲ್ಲಾಡುವುದಿಲ್ಲ. 25 ಮಿ.ಮೀ. ಶಾಫ್ಟ್‌ಗೆ ಕೊನೆಗೆ 0.05 ಸಡಿಲ ಸಿಗಬೇಕೆಂದರೆ ಬೋರ್ 25.08ಕ್ಕೆ ನಿಲ್ಲಿಸಿ. ಒಳಹೋಗುವ ಅಂಚನ್ನು ಸ್ವಲ್ಪ ಓರೆ ಸವರಿ. ಸುತ್ತಿಗೆಯಲ್ಲಿ ಬಡಿಯಬೇಡಿ. ಉದ್ದ ಬೋಲ್ಟ್ ತೂರಿಸಿ, ಎರಡೂ ಕಡೆ ನಿಮ್ಮ ದಪ್ಪ ವಾಷರ್ ಹಾಕಿ, ನಟ್ ಬಿಗಿಮಾಡುತ್ತಾ ಎಳೆದು ಕೂರಿಸಿ. ಎದುರುಗಡೆ ಬುಷ್ ಹೊರಬರುವಂತಿದ್ದರೆ ಅಲ್ಲಿಗೆ ಪೈಪಿನ ತುಂಡು ಕೊಡಬೇಕು.

ಥ್ರೆಡ್ ಕೊಯ್ಯುವುದು, ಪುಟ್ಟ ಇಂಜಿನ್ ಮಾಡುವುದು ಎಲ್ಲ ಆಮೇಲೆ. ಸದ್ಯಕ್ಕೆ ತೂತಿನೊಳಗೆ ಥ್ರೆಡ್ ಕೊಯ್ಯುವ ಟ್ಯಾಪ್, ರಾಡ್ ಮೇಲೆ ಕೊಯ್ಯುವ ಡೈ ಕೊಂಡರೆ ಸಾಕು.

ಗ್ಲೌಸ್ ಹಾಕಿ ಲೇತ್ ಮುಂದೆ ನಿಲ್ಲಬೇಡಿ. ಉದ್ದ ತೋಳು, ಉಂಗುರ, ಕೈಗೆ ಕಟ್ಟಿದ ದೇವಸ್ಥಾನದ ದಾರ ಯಾವುದೂ ಬೇಡ. ಕಣ್ಣಿಗೆ ಕನ್ನಡಕ ಇರಲಿ. ಚಕ್ ಕೀಯನ್ನು ಒಂದು ಕ್ಷಣವೂ ಚಕ್ಕಲ್ಲಿ ಬಿಡಬೇಡಿ. ಸುರುಳಿಯಾಗಿ ಬರುವ ಚೂರನ್ನು ಲೇತ್ ನಿಲ್ಲಿಸಿ ಕೊಕ್ಕೆಯಲ್ಲಿ ತೆಗೆಯಿರಿ. ಬೆರಳು ಕೊಯ್ಯುವುದರಲ್ಲಿ ಅದು ಬ್ಲೇಡಿಗೆ ಕಡಿಮೆ ಇಲ್ಲ.

ಇನ್ನು ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಒರೆಸಿಟ್ಟ ಬೆಡ್ (ಲೇತ್‌ನ ಉದ್ದನೆಯ ತಳಭಾಗ) ಕೂಡ ಕೆಂಪಗಾಗುತ್ತದೆ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ನೀರು ಬೆವರುತ್ತದೆ, ಇನ್ನೂ ಕೆಡುಕು. ಬೆಡ್ಡಿಗೆ, ಚಕ್ಕಿಗೆ ಎಣ್ಣೆ ಸವರಿ ಹತ್ತಿಬಟ್ಟೆ ಹೊದಿಸಿ. ಎಣ್ಣೆಗೆ ಅಂಟಿ ತೇವ ಹಿಡಿದ ಚೂರುಗಳನ್ನು ಸಂಜೆಯೇ ಗುಡಿಸಿಬಿಡಿ, ಅವುಗಳ ಅಡಿಯಲ್ಲೇ ತುಕ್ಕು ಶುರುವಾಗುವುದು.