ಉಕ್ಕಿನ ಪಟ್ಟಿ, ಹಳೇ ಕಾರಿನ ಅಯಸ್ಕಾಂತ

ಕಾಂಗೋ ದೇಶದ ರಾಜಧಾನಿ ಕಿನ್ಶಾಸಾದ ‘ಕೊನೊನೊ ನಂ. 1’ ತಂಡದ ‘ಕಾಂಗೊಟ್ರಾನಿಕ್ಸ್’ ಆಲ್ಬಂ 2004ರಲ್ಲಿ ಹೊರಬಂದಾಗ ಯುರೋಪಿನ ಅನೇಕ ಕೇಳುಗರಿಗೆ ಅದು ಟೆಕ್ನೋ ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತದ ಹತ್ತಿರದ ನೆಂಟನಂತೆ ಕೇಳಿಸಿತು. ಮವಾಂಗು ಮಿಂಗಿಯೆಡಿ ಈ ತಂಡ ಕಟ್ಟಿದ್ದು 1960ರ ದಶಕದಲ್ಲಿ. ನುಡಿಸುತ್ತಿದ್ದುದು ಕಾಂಗೋ-ಅಂಗೋಲಾ ಗಡಿಭಾಗದ ಬಜೊಂಬೊ ಜನರ ಸಂಗೀತ. ಹಾಗಾಗಿ ಫ್ಯೂಷನ್ ಎಂಬ ಹಣೆಪಟ್ಟಿ ಇವರಿಗೆ ಅಷ್ಟಾಗಿ ಒಪ್ಪುವುದಿಲ್ಲ. ಅವರ ಎದುರಿಗಿದ್ದ ಸಮಸ್ಯೆ ಬೇರೆಯೇ: ಮಹಾನಗರದ ಬೀದಿಯ ಗದ್ದಲದಲ್ಲಿ ಲಿಕೆಂಬೆಯ ದನಿ ಕೇಳುವುದೇ ಇಲ್ಲ.

ಲಿಕೆಂಬೆ ಎಂದರೆ ಅಂಗೈಯಲ್ಲಿ ಹಿಡಿಯುವ ಮರದ ಪೆಟ್ಟಿಗೆ. ಮೇಲೆ ಸಾಲಾಗಿ ಲೋಹದ ಪಟ್ಟಿಗಳು. ಪಟ್ಟಿಯ ಒಂದು ತುದಿ ಬಿಗಿ, ಇನ್ನೊಂದು ಬಿಡುವು. ಬಿಡುವಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ನಾದ. ದಪ್ಪ ಒಂದೇ ಇದ್ದರೆ ಕಂಪನದ ವೇಗ ಉದ್ದದ ವರ್ಗಕ್ಕೆ ವಿಲೋಮ. 60 ಮಿ.ಮೀ. ಪಟ್ಟಿಯಿಂದ ಒಂದು ಸ್ಥಾಯಿ ಮೇಲಿನ ಸ್ವರ (ಎಂದರೆ ಎರಡು ಪಟ್ಟು ವೇಗದ ಕಂಪನ) ಬೇಕೆಂದರೆ ಅದನ್ನು 30ಕ್ಕೆ ಇಳಿಸಬೇಕಿಲ್ಲ, 42ರ ಸುಮಾರಿಗೆ ತಂದರೆ ಸಾಕು. ಶ್ರುತಿ ಮಾಡುವುದೂ ಹೀಗೆಯೇ, ಪಟ್ಟಿಯನ್ನು ಹಿಂದೆ ಮುಂದೆ ಸರಿಸಿ. 60 ಮಿ.ಮೀ. ಪಟ್ಟಿಯನ್ನು 1 ಮಿ.ಮೀ. ಒಳಗೆ ತಳ್ಳಿದರೆ ಅರ್ಧ ಸ್ವರಾಂತರಕ್ಕಿಂತ (ಸ್ವರಾಂತರ ಎಂದರೆ ಸ್ಥಾಯಿಯ ಹನ್ನೆರಡನೇ ಒಂದು ಪಾಲು) ತುಸು ಹೆಚ್ಚು ಏರುತ್ತದೆ, 30 ಮಿ.ಮೀ. ಪಟ್ಟಿಗೆ ಅದೇ 1 ಮಿ.ಮೀ. ಒಂದು ಸ್ವರಾಂತರವನ್ನೂ ದಾಟಿಸುತ್ತದೆ. ಚಿಕ್ಕ ಪಟ್ಟಿಗಳ ಶ್ರುತಿ ಸದಾ ಕೈಕೊಡುವುದು ಇದಕ್ಕೇ.

ಈ ನಾದದಲ್ಲಿ ಒಂದು ಬಡತನವಿದೆ. ತಂತಿಯಲ್ಲಿ ಮೂಲಸ್ವರದ ಕಂಪನವೇಗದ 2, 3, 4 ಪಟ್ಟಿನ ಉಪಸ್ವರಗಳು ಒಟ್ಟಿಗೇ ಏಳುತ್ತವೆ. ಒಂದೇ ಕಡೆ ಬಿಗಿದ ಪಟ್ಟಿಯಲ್ಲಿ ಮೊದಲ ಉಪಸ್ವರವೇ ಸುಮಾರು 6.27 ಪಟ್ಟು ಮೇಲಿದೆ, ಅದೂ ಬೇಗ ಸತ್ತುಹೋಗುತ್ತದೆ. ಉಳಿಯುವುದು ತೆಳ್ಳನೆಯ ದನಿ. ಪಟ್ಟಿಯ ಬುಡಕ್ಕೆ ಸಡಿಲವಾದ ತಂತಿಯ ಉಂಗುರ ಸುತ್ತುವ ಹಳೆಯ ರೂಢಿ ಈ ಕೊರತೆಯನ್ನು ತುಂಬುತ್ತದೆ. ತಂಬೂರಿಯ ಕುದುರೆಯ ಮೇಲೆ ಜೀವಾಳಿ ಎಂಬ ನೂಲೆಳೆ ಮಾಡುವ ಕೆಲಸವನ್ನೇ ಇಲ್ಲಿ ಉಂಗುರದ ಝೇಂಕಾರ ಮಾಡುತ್ತದೆ.

ಮಿಂಗಿಯೆಡಿ ತಂಡದವರು ಹಳೆಯ ಕಾರಿನ ಭಾಗಗಳಿಂದ ಅಯಸ್ಕಾಂತ ಕಿತ್ತು, ಮರ ಕೆತ್ತಿ, ತಮ್ಮದೇ ಮೈಕ್‌ಗಳನ್ನು ಮಾಡಿಕೊಂಡರು. ಮಂದ್ರ, ಮಧ್ಯ, ತಾರ ಎಂದು ಮೂರು ವಿದ್ಯುತ್ ಲಿಕೆಂಬೆ. ಜೊತೆಗೆ ಗುಜರಿಯ ಲೋಹದ ತಾಳವಾದ್ಯ, ಕಹಳೆಯಾಕಾರದ ಹಾರ್ನ್ ಸ್ಪೀಕರ್. ಹೀಗೆ ಜೋಡಿಸಿದ ಉಪಕರಣಕ್ಕೆ ಶಕ್ತಿ ಮೀರಿ ದನಿ ಕೊಟ್ಟರೆ ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಸೌಂಡ್ ಎಂಜಿನಿಯರು ದೋಷವೆಂದು ಬರೆದುಕೊಳ್ಳುವ ಸಂಗತಿ ಇದು. ಲಿಕೆಂಬೆಗಾದರೆ ವರ: ಕತ್ತರಿಸಿದ ಅಲೆಯಲ್ಲಿ 2, 3, 4 ಪಟ್ಟಿನ ಉಪಸ್ವರಗಳು ಹೊಸದಾಗಿ ಹುಟ್ಟಿ, ಮೂಲಸ್ವರಕ್ಕೂ 6.27ಕ್ಕೂ ನಡುವಿನ ಖಾಲಿ ಜಾಗವನ್ನು ತುಂಬುತ್ತವೆ.

ಎರಡು ಪಟ್ಟಿ ಒಟ್ಟಿಗೆ ನುಡಿದರೆ ಇನ್ನೂ ಮಜಾ. 300 ಮತ್ತು 400 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಸೇರಿದಾಗ 100, 200, 500, 700 ಹರ್ಟ್ಸ್‌ಗಳೂ ಏಳುತ್ತವೆ. ಹಾರ್ನ್‌ನಿಂದ 100 ಹರ್ಟ್ಸ್ ಹೊರಬರುವುದು ಕಷ್ಟ. ಆದರೆ ಉಳಿದವೆಲ್ಲ ನೂರರ ಗುಣಕಗಳಾದ್ದರಿಂದ ಮಿದುಳು ಆ ಕೆಳಗಿನ ಸ್ವರವನ್ನು ತಾನೇ ಊಹಿಸಿಕೊಂಡು ಕೇಳುತ್ತದೆ. 400ರ ಪಟ್ಟಿ 410ಕ್ಕೆ ಜಾರಿದರೆ ಹುಟ್ಟುವುದು 110, 190, 520: ಒಂದಕ್ಕೊಂದು ತಾಳೆಯಾಗದ ಗದ್ದಲ. ದನಿ ಎಷ್ಟು ಒರಟೋ ಶ್ರುತಿ ಅಷ್ಟು ನಿಖರವಾಗಿರಬೇಕು.

ಆನ್‌ಲೈನ್‌ನಲ್ಲಿ ಸಿಗುವ ಕಲಿಂಬಾದ (ಲಿಕೆಂಬೆಯದೇ ಬಗೆಯ ವಾದ್ಯ) ಮೇಲೂ ಇಂಥ ಅಯಸ್ಕಾಂತದ ಮೈಕ್ ಮಾಡಿ ಇದನ್ನು ಪರೀಕ್ಷಿಸಬಹುದು. ಮೊದಲು ಪಟ್ಟಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ, ಹಿತ್ತಾಳೆಯಾಗಿದ್ದರೆ, ಈ ವಿಧಾನ ಬಿಡಿ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 0.06–0.08 ಮಿ.ಮೀ. ಎನಾಮಲ್ ತಾಮ್ರದ ತಂತಿ ಕೇಳಿ, ಅಯಸ್ಕಾಂತದ ಸುತ್ತ ಪೇಪರ್ ಟೇಪ್ ಹಾಕಿ ಅದರ ಮೇಲೆ ನಾಲ್ಕೈದು ಸಾವಿರ ಸುತ್ತು ಸುತ್ತಿ. ಕೈ ಬಿಗಿಯಾದರೆ ತಂತಿ ತುಂಡಾಗುತ್ತದೆ, ಸಡಿಲಾದರೆ ಸುತ್ತುಗಳು ಜಾರುತ್ತವೆ. ಎರಡೂ ತುದಿಯ ಎನಾಮಲ್ ಕೆರೆದೇ ಆಂಪ್ಲಿಫೈಯರಿಗೆ ಹೋಗುವ ತಂತಿಗೆ ಬೆಸುಗೆ ಹಾಕಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಬೆಸುಗೆ ಹೊಳೆಯುತ್ತಿರುತ್ತದೆ, ಮಲ್ಟಿಮೀಟರ್ ಮಾತ್ರ ಸರ್ಕ್ಯೂಟೇ ಇಲ್ಲ ಎನ್ನುತ್ತದೆ.

ಸುರುಳಿಯನ್ನು ಪಟ್ಟಿಯ ಬಿಡುವಿನ ತುದಿಯ ಕೆಳಗಿಟ್ಟರೆ ದನಿ ಜೋರು, ಜೊತೆಗೆ ಕರ್ಕಶ. ಬುಡದಿಂದ ಮುಕ್ಕಾಲು ಭಾಗದ ಆಸುಪಾಸಿನಲ್ಲಿ ಆ 6.27ರ ಕಂಪನ ಬಹುತೇಕ ನಿಶ್ಚಲವಾಗಿರುವುದರಿಂದ ಅಲ್ಲಿ ದನಿ ದುಂಡಗೆ ಬರುತ್ತದೆ. ಅಂತರ 2–3 ಮಿ.ಮೀ. ಇರಲಿ. ಇನ್ನೂ ಹತ್ತಿರ ತಂದರೆ ಅಯಸ್ಕಾಂತ ಪಟ್ಟಿಯನ್ನು ಎಳೆದು ಶ್ರುತಿ ಇಳಿಸುತ್ತದೆ, ಜೋರಾಗಿ ಮೀಟಿದರೆ ಪಟ್ಟಿ ಬಡಿದೂ ಬಿಡುತ್ತದೆ. ನುಡಿಸದೆಯೂ ‘ಗುಂಯ್’ ಎನ್ನುತ್ತಿದ್ದರೆ ಅದು 50 ಹರ್ಟ್ಸ್ ಕರೆಂಟಿನ ಕಾಟ: ಸುರುಳಿ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಹತ್ತಿರ ಇದ್ದೀತು. ಒಂದು ಮೀಟರ್ ದೂರ ಸರಿಸಿ, ಸುರುಳಿಯ ದಿಕ್ಕನ್ನು ಮೆಲ್ಲಗೆ ತಿರುಗಿಸುತ್ತ ಹೋಗಿ. ಒಂದು ಕೋನದಲ್ಲಿ ಅದು ತಗ್ಗುತ್ತದೆ. ವಾದ್ಯವನ್ನು ಆ ಕೋನದಲ್ಲೇ ಹಿಡಿದು ನುಡಿಸಿ.