ಅಷ್ಟು ಹೊಳಪಿದ್ದರೂ ಕಾರು ಆಟಿಕೆಯ ಹಾಗೆ ಯಾಕೆ ಕಾಣುತ್ತದೆ?

ಪ್ರಶ್ನೆ: ಅಣ್ಣ, ನಮ್ಮ ಮನೆ ಬದಿಯಡ್ಕದ ಹತ್ತಿರ. 1:24 ಅಳತೆಯ (ನಿಜ ಕಾರಿನ 24ರಲ್ಲಿ ಒಂದು ಪಾಲು) ಪೋರ್ಶೆ 917 ರೇಸ್ ಕಾರಿನ ಪ್ಲಾಸ್ಟಿಕ್ ಮಾದರಿಯ ಕಿಟ್ ಕಟ್ಟಿದ್ದೇನೆ. ಗಲ್ಫ್ ಎಣ್ಣೆ ಕಂಪನಿಯ ಬಣ್ಣದ್ದು, ತಿಳಿ ನೀಲಿ, ನಡುವೆ ಕಿತ್ತಳೆ ಪಟ್ಟಿ. ನಾಲ್ಕು ಕೋಟ್ ಬಣ್ಣ, ಮೇಲಿಂದ ಮೂರು ಕೋಟ್ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆದೆ. ಕನ್ನಡಿಯ ಹಾಗೆ ಹೊಳೆಯುತ್ತದೆ. ಆದರೆ ಫೋಟೋದಲ್ಲಿ ಜಾತ್ರೆಯಲ್ಲಿ ಸಿಗುವ ಆಟದ ಕಾರಿನ ಹಾಗೇ ಕಾಣುತ್ತದೆ. ಎಲ್ಲಿ ತಪ್ಪಿದೆ?

ಉತ್ತರ: ನೀವು ಕಳಿಸಿದ ಫೋಟೋ ನೋಡಿದೆ. ಎಲ್ಲೂ ಬಣ್ಣ ಇಳಿದಿಲ್ಲ, ಧೂಳು ಕೂತಿಲ್ಲ. ಕೈ ಚೆನ್ನಾಗಿ ಪಳಗಿದೆ. ತೊಂದರೆ ಇರುವುದು ಹೊಳಪಿನಲ್ಲಿ ಅಲ್ಲ, ದಪ್ಪದಲ್ಲಿ. ಬಾಗಿಲಿನ ಗೆರೆ ಒಮ್ಮೆ ನೋಡಿ. ಅದು ಸಂದಿನ ಹಾಗೆ ಕಾಣುವುದಿಲ್ಲ, ಬೆಣ್ಣೆಯ ಮೇಲೆ ಬೆರಳು ಎಳೆದ ಹಾಗೆ ಕಾಣುತ್ತದೆ ಅಲ್ವಾ?

ಒಂದು ಸಣ್ಣ ಲೆಕ್ಕ ಹಾಕೋಣ. ಕಂಪನಿಯಿಂದ ಬರುವ ಸಾಮಾನ್ಯ ಕಾರಿನ ಬಣ್ಣ, ಪ್ರೈಮರ್ ಮತ್ತು ಕ್ಲಿಯರ್ ಎಲ್ಲ ಸೇರಿ ಸುಮಾರು 100ರಿಂದ 120 ಮೈಕ್ರಾನ್ ದಪ್ಪ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರಾನ್). ಅದನ್ನು 24ರಿಂದ ಭಾಗಿಸಿದರೆ 4ರಿಂದ 5 ಮೈಕ್ರಾನ್ ಸಿಗುತ್ತದೆ. ತಲೆಕೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲೂ ಇಲ್ಲ. ಅಷ್ಟು ತೆಳ್ಳಗೆ ನಮ್ಮಿಂದ ಆಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ. ಇನ್ನು ಬಾಗಿಲಿನ ಸಂದು. ನಿಜವಾದ ಕಾರಿನಲ್ಲಿ 4 ಮಿಲಿಮೀಟರ್ ಇದ್ದರೆ ಮಾದರಿಯಲ್ಲಿ ಅದು 0.17 ಮಿಲಿಮೀಟರ್. ಅಷ್ಟು ಕಿರಿದಾದ ಜಾಗಕ್ಕೆ ಪ್ರೈಮರ್, ನಾಲ್ಕು ಕೋಟ್ ಬಣ್ಣ, ಮೂರು ಕೋಟ್ ಕ್ಲಿಯರ್ ಹೋದರೆ ಸಂದು ಉಳಿಯುವುದಾದರೂ ಹೇಗೆ?

ನಮ್ಮ ಕುಂಬಳೆ ಸೀಮೆಯಲ್ಲಿ ಯಕ್ಷಗಾನದ ಚೌಕಿಯೊಳಗೆ (ಬಣ್ಣ ಹಚ್ಚುವ ಕೋಣೆ) ಕೂತು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಣ್ಣದ ವೇಷದವರು ಮುಖದ ಮೇಲೆ ಚಿಟ್ಟಿ (ಅಕ್ಕಿಹಿಟ್ಟು, ಸುಣ್ಣದ ಉಬ್ಬು ಚುಕ್ಕೆಗಳು) ಇಡುವುದು ಅದು ಎದ್ದು ನಿಲ್ಲಲಿ ಅಂತಲೇ. ಕೊನೆಯ ಸಾಲಿನಲ್ಲಿ ಕೂತವರಿಗೂ ಮುಖ ಕಾಣಬೇಕು. ನಮ್ಮ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ನೋಡುವವರ ಕಣ್ಣು ಅರ್ಧ ಮೀಟರ್ ದೂರದಲ್ಲೇ ಇರುತ್ತದೆ, ಆದರೆ ಕಾರು 12 ಮೀಟರ್ ಆಚೆ ನಿಂತ ಹಾಗೆ ಕಾಣಬೇಕು. ಅಷ್ಟು ದೂರದ ಕಾರಿನಲ್ಲಿ ಬಣ್ಣದ ದಪ್ಪ ಯಾರಿಗೂ ಕಾಣುವುದಿಲ್ಲ. ಬಣ್ಣವೂ ಒಂದಿಷ್ಟು ತಿಳಿಯಾಗಿ ಕಾಣುತ್ತದೆ. ಅದಕ್ಕೇ ಕಡು ಬಣ್ಣಗಳಿಗೆ ನಾನು ಒಂದೆರಡು ಹನಿ ಬಿಳಿ ಬೆರೆಸುತ್ತೇನೆ. ನಿಮ್ಮ ನೀಲಿ ಮೊದಲೇ ತಿಳಿ, ಅದಕ್ಕೆ ಬೇಡ.

ಮುಂದಿನ ಕಾರಿಗೆ ಹೀಗೆ ಮಾಡಿ. ಬಣ್ಣ ಮುಟ್ಟುವ ಮೊದಲೇ ಎಲ್ಲಾ ಗೆರೆಗಳನ್ನೂ ಮೊನಚಾದ ಸೂಜಿಯಿಂದಲೋ ಗೆರೆ ಕೊರೆಯುವ ಉಳಿಯಿಂದಲೋ ಮೂರ್ನಾಲ್ಕು ಸಲ ಮೆಲ್ಲಗೆ ಎಳೆದು ಆಳ ಮಾಡಿ. ಬಾಡಿಯನ್ನು ಸೋಪು ನೀರಿನಲ್ಲಿ ತೊಳೆಯಿರಿ, ಅಚ್ಚಿನ ಎಣ್ಣೆ ಅಂಟಿಕೊಂಡಿರುತ್ತದೆ. ಪ್ರೈಮರ್ ಒಣಗಿದ ಮೇಲೆ 1500 ನಂಬರಿನ ವಾಟರ್ ಪೇಪರಿನಿಂದ ಉಜ್ಜಿ. ಬಣ್ಣದ ಮೊದಲ ಕೋಟ್ ಮಂಜು ಬಿದ್ದ ಹಾಗೆ ಇರಬೇಕು, ಒಳಗಿನ ಪ್ರೈಮರ್ ಕಾಣುತ್ತಲೇ ಇರಬೇಕು. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಮಾತ್ರ ಸ್ವಲ್ಪ ಒದ್ದೆಯಾಗಿ ಹೊಡೆದು ಕೂರಿಸಿ. ಸ್ಪ್ರೇ ಕ್ಯಾನ್ ಆದರೆ ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ, ಹನಿ ಸಣ್ಣದಾಗಿ ಬರುತ್ತದೆ. ಕುದಿಯುವ ನೀರು ಬೇಡವೇ ಬೇಡ, ಕ್ಯಾನ್ ಸಿಡಿಯಬಹುದು.

ಕಿತ್ತಳೆ ಪಟ್ಟಿಯ ವಿಷಯ ಬೇರೆಯೇ ಹೇಳಬೇಕು. ಕಿತ್ತಳೆ, ಹಳದಿ, ಕೆಂಪು ಬಣ್ಣಗಳು ತಳದ ಬಣ್ಣವನ್ನು ಪೂರ್ತಿ ಮುಚ್ಚುವುದಿಲ್ಲ. ನೀಲಿಯ ಮೇಲೆ ನೇರವಾಗಿ ಹೊಡೆದರೆ ಮಂಕಾಗುತ್ತದೆ. ಮಂಕಾಯಿತು ಅಂತ ಮತ್ತೆ ಮತ್ತೆ ಹೊಡೆಯುತ್ತೇವೆ, ಆಗ ಟೇಪಿನ ಅಂಚಿನಲ್ಲಿ ಗದ್ದೆಯ ಹುಣಿಯ ಹಾಗೆ ಏರು ನಿಲ್ಲುತ್ತದೆ. ನಿಮ್ಮ ಫೋಟೋದಲ್ಲಿ ಕಾಣುತ್ತಿರುವುದು ಅದೇ. ಮೊದಲು ಇಡೀ ಬಾಡಿಗೆ ಬಿಳಿ ತಳ ಕೊಡಿ. ಪಟ್ಟಿಯ ಜಾಗಕ್ಕೆ ಕಿತ್ತಳೆ ಹೊಡೆದು, ಒಣಗಿದ ಮೇಲೆ ಅದನ್ನು ಟೇಪಿನಿಂದ ಮುಚ್ಚಿ, ಆಮೇಲೆ ನೀಲಿ. ಎರಡೂ ಬಿಳಿಯ ಮೇಲೆಯೇ ಕೂತರೆ ತೆಳು ಕೋಟುಗಳೇ ಸಾಕಾಗುತ್ತವೆ.

ಬಣ್ಣ ಆರಿಸುವಾಗ ಫೋಟೋ ಒಂದನ್ನೇ ನಂಬಬೇಡಿ. 1988ರಲ್ಲಿ 16 ರೇಸಿನಲ್ಲಿ 15 ಗೆದ್ದ ಮೆಕ್ಲಾರೆನ್ ಎಂಪಿ4/4 ಎಂಬ ಫಾರ್ಮುಲಾ ಒನ್ ಕಾರು ಟಿವಿಯಲ್ಲಿ ಕೆಂಪಾಗಿ ಕಾಣುತ್ತಿತ್ತು. ನಿಜವಾಗಿ ಬಳಿದದ್ದು ಕಿತ್ತಳೆಗೆ ತಿರುಗಿದ ಫ್ಲೋರೊಸೆಂಟ್ ಬಣ್ಣ. ಕ್ಯಾಮೆರಾಕ್ಕೆ ಕೆಂಪಾಗಿ ಕಾಣಲಿ ಅಂತಲೇ ಹಾಗೆ ಬಳಿದಿದ್ದರು.

ಈಗ ನಮ್ಮ ಊರಿನ ದೊಡ್ಡ ಶತ್ರು, ಪಸೆ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಕಿಟ್ ಡಬ್ಬಿಯ ಮೇಲಿನ ಸೂಚನೆ ಇಂತಹ ಊರಿಗೆ ಬರೆದದ್ದಲ್ಲ. ಒಂದು ಜುಲೈ ತಿಂಗಳಲ್ಲಿ ನಾನು ಜಗಲಿಯಲ್ಲಿ ನಿಂತು ಒಂದು ಕೆಂಪು ಕಾರಿಗೆ ಕ್ಲಿಯರ್ ಹೊಡೆದೆ. ಐದು ನಿಮಿಷದಲ್ಲಿ ಇಡೀ ಬಾನೆಟ್ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಒಂದು ತಿಂಗಳ ಕೆಲಸ. ಅವತ್ತು ಊಟ ಸೇರಲಿಲ್ಲ. ಕಾರಣ ಆಮೇಲೆ ತಿಳಿಯಿತು. ಲ್ಯಾಕರಿನ ಥಿನ್ನರ್ ಬೇಗ ಆರುತ್ತದೆ, ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ತಣ್ಣಗಿನ ಚೊಂಬಿನ ಹೊರಗೆ ನೀರು ಕಟ್ಟುವ ಹಾಗೆ ಗಾಳಿಯ ಪಸೆ ಅಲ್ಲಿ ಕೂರುತ್ತದೆ, ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಬ್ಲಶ್ ಅನ್ನುತ್ತಾರೆ. ಹಾಗಾದರೆ ಗಾಬರಿಯಾಗಬೇಡಿ. ಒಣ ದಿನ ನೋಡಿ, ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸಿದ ಥಿನ್ನರನ್ನು ಏರ್‌ಬ್ರಷ್‌ನಲ್ಲಿ ತೆಳ್ಳಗೆ ಹೊಡೆದರೆ ಮೇಲ್ಮೈ ಮತ್ತೆ ಕರಗಿ ಪಸೆ ಹೊರಗೆ ಹೋಗುತ್ತದೆ. ನನ್ನ ಬಾನೆಟ್ ಹಾಗೆಯೇ ಸರಿಯಾಯಿತು.

ತೇವ ಅಳೆಯುವ ಸಣ್ಣ ಮೀಟರ್ ಒಂದು ಇಟ್ಟುಕೊಳ್ಳಿ. ತೇವ ನೂರಕ್ಕೆ 75 ದಾಟಿದರೆ ನಾನು ಕ್ಲಿಯರ್ ಮುಟ್ಟುವುದಿಲ್ಲ. ಚಳಿಗಾಲದಲ್ಲೂ ಬೆಳಗ್ಗೆ ಇಬ್ಬನಿ ಇರುತ್ತದೆ, ಹನ್ನೊಂದು ಗಂಟೆಯಿಂದ ಮೂರರವರೆಗಿನ ಹೊತ್ತು ಒಳ್ಳೆಯದು. ಮಳೆಗಾಲದಲ್ಲಿ ಬಿಸಿನೀರಿನ ಒಲೆಯ ಹತ್ತಿರ ಬೆಚ್ಚಗಿರುತ್ತದೆ ಅಂತ ಅಲ್ಲಿ ಮಾತ್ರ ಸ್ಪ್ರೇ ಮಾಡಬೇಡಿ. ಥಿನ್ನರಿನ ಆವಿಗೆ ಬೆಂಕಿ ಹಿಡಿಯುತ್ತದೆ. ಮಾಸ್ಕ್ ಕೂಡ ಬಟ್ಟೆಯದ್ದು ಸಾಲದು, ರಾಸಾಯನಿಕ ಆವಿ ತಡೆಯುವ ಫಿಲ್ಟರ್ ಇರುವುದೇ ಬೇಕು. ವರ್ಕ್‌ಶಾಪಿನವರು ಬಳಸುವ, ಎರಡು ದ್ರವ ಬೆರೆಸಿ ಹೊಡೆಯುವ ಟೂ-ಕೆ ಕ್ಲಿಯರ್ ಚೆನ್ನಾಗಿ ಹೊಳೆಯುತ್ತದೆ ನಿಜ. ಆದರೆ ಅದರ ಹಾರ್ಡ್‌ನರ್ ಶ್ವಾಸಕೋಶಕ್ಕೆ ತುಂಬಾ ಅಪಾಯ. ಮನೆಯೊಳಗೆ ಅದು ಬೇಡ.

ಈಗಿನ ಕಾರನ್ನು ಎಸೆಯಬೇಡಿ, ಉಳಿಸಬಹುದು. ಮೊದಲು ಮೂಗಿನ ಹತ್ತಿರ ಹಿಡಿದು ನೋಡಿ. ಥಿನ್ನರ್ ವಾಸನೆ ಇದ್ದರೆ ಒಳಗೆ ಇನ್ನೂ ಒಣಗಿಲ್ಲ. ಮಳೆಗಾಲದಲ್ಲಿ ಎರಡು ವಾರವಾದರೂ ಕಾಯಿರಿ. ಆಮೇಲೆ 2000 ನಂಬರಿನ ವಾಟರ್ ಪೇಪರ್, ಸೋಪು ನೀರು ಹಾಕಿ ಕ್ಲಿಯರನ್ನು ತೆಳ್ಳಗೆ ಮಾಡುತ್ತಾ ಬನ್ನಿ. ಏಣುಗಳ ಮೇಲೆ ಬಣ್ಣ ತೆಳ್ಳಗಿರುತ್ತದೆ, ಅಲ್ಲಿ ಟೇಪ್ ಅಂಟಿಸಿಕೊಳ್ಳಿ. 3000ಕ್ಕೆ ಹೋಗಿ, ಕೊನೆಗೆ ಪಾಲಿಶ್. ಆಮೇಲೆ ಗೆರೆಗಳೊಳಗೆ ತೆಳು ಮಾಡಿದ ಇನಾಮೆಲ್ ಬಣ್ಣ ಹರಿಯಲು ಬಿಡಿ. ಕಪ್ಪು ಬೇಡ, ಬೂದು ಸಾಕು. ತಿಳಿ ನೀಲಿಯ ಮೇಲೆ ಕಪ್ಪು ಗೆರೆ ಪೆನ್ನಿನಲ್ಲಿ ಬರೆದ ಹಾಗೆ ಕಾಣುತ್ತದೆ.

ಇನ್ನೊಂದು ಮಾತು. ನೀವು ಟಯರಿಗೂ ಕ್ಲಿಯರ್ ಹೊಡೆದಿದ್ದೀರಿ. ಎಲ್ಲವೂ ಒಂದೇ ಸಮ ಹೊಳೆದರೆ ಕಣ್ಣು ಅದನ್ನು ಪ್ಲಾಸ್ಟಿಕ್ ಅಂತಲೇ ಓದುತ್ತದೆ. ಬಾಡಿ ಹೊಳೆಯಲಿ, ಟಯರ್ ಮಾತ್ರ ಪೂರ್ತಿ ಮ್ಯಾಟ್ ಇರಲಿ. ನೆಲಕ್ಕೆ ತಾಗುವ ಭಾಗವನ್ನು ವಾಟರ್ ಪೇಪರಿನಿಂದ ಒಮ್ಮೆ ತಿಕ್ಕಿದರೆ ಓಡಿದ ಟಯರಿನ ಹಾಗಾಗುತ್ತದೆ. ಸೈಲೆನ್ಸರ್ ಕೊಳವೆಯ ಒಳಗೆ ಮಸಿಗಪ್ಪು.

ಕೊಳೆ ಹಾಕುವ ಆಸೆ ಇದ್ದರೆ ಗಾಳಿ ಹೋದ ದಾರಿಯಲ್ಲಿ ಹಾಕಿ. 1970ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸಿನಲ್ಲಿ ಜೋರು ಮಳೆ ಬಂದಿತ್ತು. ಅವತ್ತು ಗೆದ್ದದ್ದು ಗಲ್ಫ್ ಬಣ್ಣದ್ದಲ್ಲ, ಕೆಂಪು-ಬಿಳಿಯ 23ನೇ ನಂಬರಿನ 917. ಅಂತಹ ರೇಸಿನಲ್ಲಿ ಚಕ್ರ ಎರಚಿದ ಕೆಸರು ಚಕ್ರದ ಹಿಂದಿನಿಂದ ಬಾಲದ ಕಡೆಗೆ ಎಳೆದುಕೊಂಡು ಹೋಗುತ್ತದೆ. ಮುಂಭಾಗದಲ್ಲಿ ಕಲ್ಲೇಟಿನ ಚುಕ್ಕೆಗಳೂ ಇರುತ್ತವೆ. ಅಲ್ಲಿ ತುಂಬಾ ಜನ ಬೆಳ್ಳಿ ಬಣ್ಣ ಚುಕ್ಕಿಸುತ್ತಾರೆ. 917ಕ್ಕೆ ಅದು ತಪ್ಪು. ಅದರ ಬಾಡಿ ಫೈಬರ್‌ಗ್ಲಾಸ್, ಬಣ್ಣ ಎದ್ದರೆ ಕೆಳಗೆ ಲೋಹ ಇಲ್ಲ. ಪ್ರೈಮರಿನ ಬೂದು ಬಣ್ಣದಲ್ಲಿ ಟೂತ್‌ಪಿಕ್ ಅದ್ದಿ ಏಳೆಂಟು ಚುಕ್ಕಿ ಇಡಿ, ಅಷ್ಟೇ ಸಾಕು.