ಸಾರ್ ಇಲ್ಲದ ದಿನ ಆಫೀಸಲ್ಲಿ ಎಂತ ನಡೀತದೆ?

ಕಾಸರಗೋಡು ಪೇಟೆಲಿ ನಾನು ಮೊದಲು ಕೆಲಸಕ್ಕೆ ಸೇರಿದ ಆಫೀಸಲ್ಲಿ ಸಾರ್ ಇದ್ರೆ ಒಂದು ಫೈಲ್ ಸಹ ಮೇಜಿನ ಮೇಲೆ ಉಳೀತಿರ್ಲಿಲ್ಲ, ಅವರು ಮೀಟಿಂಗಿಗೆ ಅಂತ ಕಣ್ಣೂರಿನ ರೈಲು ಹತ್ತಿದ್ದು ಗೊತ್ತಾದ್ರೆ ಸಾಕು, ಅರ್ಧ ಜನ ಚಾ ಕುಡೀಲಿಕ್ಕೆ ಹೊರಗೆ, ಉಳಿದವರು ಮೊಬೈಲ್ ಹಿಡ್ಕೊಂಡು. ನಾವೇ ಸೋಮಾರಿಗಳು ಅಂತ ತುಂಬ ವರ್ಷ ನಂಬಿದ್ದೆ. ಆಮೇಲೆ ಕುರ್ಟ್ ಲೆವಿನ್ ಪ್ರಯೋಗದ ಬಗ್ಗೆ ಓದಿದೆ.

ಲೆವಿನ್ ಯಹೂದಿ ಮನೋವಿಜ್ಞಾನಿ, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದವರು. ಅಲ್ಲಿನ ಅಯೋವಾದಲ್ಲಿ ಲಿಪ್ಪಿಟ್, ವೈಟ್ ಅನ್ನುವ ಇಬ್ಬರು ಸಂಶೋಧಕರ ಜೊತೆ ಸೇರಿ 10 ವರ್ಷದ ಆಸುಪಾಸಿನ ಹುಡುಗರನ್ನು ಐದೈದು ಜನರ ಕ್ಲಬ್ ಮಾಡಿ ಮುಖವಾಡ ಮಾಡುವಂಥ ಕೆಲಸ ಕೊಟ್ರು. ಒಬ್ಬ ಲೀಡರ್ ಬರೀ ಆರ್ಡರ್ ಮಾಡೋದು, ಮುಂದೆ ಎಂತ ಮಾಡ್ಲಿಕ್ಕುಂಟು ಅಂತ ಸಹ ಹೇಳೋದಿಲ್ಲ. ಇನ್ನೊಬ್ಬ ಹುಡುಗರ ಹತ್ರ ಕೇಳಿ, ಮಾತಾಡಿ, ಒಟ್ಟಿಗೆ ತೀರ್ಮಾನ ಮಾಡೋದು. ಮೂರನೆಯವ ಸುಮ್ಮನೆ ಕೂತು ಎಂತ ಬೇಕಾದ್ರೂ ಮಾಡಿ ಅನ್ನೋದು, ಅಲ್ಲಿ ಕೆಲಸವೂ ಕಮ್ಮಿ, ಆದದ್ದೂ ಅಷ್ಟಕ್ಕಷ್ಟೆ.

ಲೀಡರ್ ಕೋಣೆಯಿಂದ ಹೊರಗೆ ಹೋದಾಗ ಆದದ್ದೇ ಮುಖ್ಯ ವಿಷಯ. ಆರ್ಡರಿಗೆ ತಲೆಬಾಗಿದ ಗುಂಪುಗಳು ಲೀಡರ್ ಎದುರಲ್ಲಿ ಸಮಯದ 74 ಶೇಕಡಾ ಕೆಲಸದಲ್ಲೇ ಇದ್ದವು, ಅವ ಹೊರಗೆ ಹೋದ ಕೂಡ್ಲೆ 29ಕ್ಕೆ ಇಳೀತು. ಕೇಳಿ ಮಾಡುವ ಗುಂಪಲ್ಲಿ 50 ಇದ್ದದ್ದು 46 ಆಯ್ತು, ಅಷ್ಟೇ. ಇನ್ನೊಂದು ಸಲ ನೋಡಿ ಈ ಲೆಕ್ಕ. ಗದರುವ ಸಾರ್‌ಗೆ ಕಾಣೋದು ಯಾವಾಗಲೂ 74 ಮಾತ್ರ, ಯಾಕಂದ್ರೆ 29ರ ಹೊತ್ತಿಗೆ ಅವರು ಅಲ್ಲಿ ಇರೋದೇ ಇಲ್ಲ, ಹಾಗಾಗಿ ತನ್ನ ಕ್ರಮವೇ ಸರಿ ಅಂತ ಅವರಿಗೆ ದಿನಾ ಸಾಕ್ಷಿ ಸಿಗ್ತಾ ಹೋಗ್ತದೆ.

ತಪ್ಪುಗಳ ಕತೆಯೂ ಹೀಗೇ. ಆಸ್ಪತ್ರೆ ವಾರ್ಡುಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪನ್ನು 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಅನ್ನುವ ಅಮೆರಿಕದ ಸಂಶೋಧಕಿ ಲೆಕ್ಕ ಹಾಕಿದ್ರು. ಒಳ್ಳೆ ತಂಡದಲ್ಲಿ ತಪ್ಪು ಕಮ್ಮಿ ಇರ್ಬೇಕಲ್ವಾ? ರಿಪೋರ್ಟಲ್ಲಿ ಅಲ್ಲೇ ಜಾಸ್ತಿ ಬಂತು. ಅಲ್ಲಿಯವರಿಗೆ ಹೇಳ್ಲಿಕ್ಕೆ ಹೆದರಿಕೆ ಇರ್ಲಿಲ್ಲ, ಬೇರೆ ವಾರ್ಡಲ್ಲಿ ಮುಚ್ಚಿಡ್ತಿದ್ರು. ನಮ್ಮ ಆಫೀಸಲ್ಲೂ ಒಂದು ಲೆಕ್ಕದ ತಪ್ಪು ಮೂವರಿಗೆ ಗೊತ್ತಿದ್ದು ನಾಲ್ಕು ತಿಂಗಳು ಯಾರೂ ಬಾಯಿ ಬಿಟ್ಟಿರ್ಲಿಲ್ಲ, ಅದರಲ್ಲಿ ನಾನೂ ಒಬ್ಬ, ಈಗಲೂ ಬೇಜಾರುಂಟು.

ಹಾಗಂತ ಎಲ್ಲದಕ್ಕೂ ಮೀಟಿಂಗ್ ಮಾಡ್ಲಿಕ್ಕಾಗೋದಿಲ್ಲ. ಯಕ್ಷಗಾನದ ಆಟ ಸುರುವಾದ ಮೇಲೆ ಭಾಗವತರ ಜಾಗಟೆ ಹೇಳಿದ ಹಾಗೆಯೇ ನಡೀಬೇಕು, ರಂಗಸ್ಥಳದಲ್ಲಿ ಚರ್ಚೆಗೆ ಪುರುಸೊತ್ತೆಲ್ಲಿ?

ಬದಿಯಡ್ಕ ಹತ್ರ ನನ್ನ ಚಿಕ್ಕಮ್ಮ ಕುಟುಂಬಶ್ರೀ ಅಯಲ್‌ಕೂಟದ ಪ್ರೆಸಿಡೆಂಟ್. 1998ರಲ್ಲಿ ಕೇರಳ ಸರಕಾರ ಸುರು ಮಾಡಿದ ಯೋಜನೆ ಅದು, ನೆರೆಕರೆಯ ಹತ್ತಿಪ್ಪತ್ತು ಹೆಂಗಸರು ಸೇರಿ ಉಳಿತಾಯ, ಸಾಲ ಎಲ್ಲ ನೋಡಿಕೊಳ್ಳೋದು. ಚಿಕ್ಕಮ್ಮ ಸುರುವಿಂದಲೂ ರಿಜಿಸ್ಟರ್ ಬರೆಯುವ ಕೆಲಸ ವಾರಕ್ಕೊಬ್ಬರಿಗೆ ಕೊಡ್ತಿದ್ರು, ಯಾರಿಗೆ ಸಾಲ ಕೊಡೋದು ಅಂತ ಎಲ್ಲರ ಹತ್ರ ಕೇಳ್ತಿದ್ರು, ಮೀಟಿಂಗ್ ಅದಕ್ಕೇ ಉದ್ದ ಆಗ್ತಿತ್ತು. ಕಳೆದ ವರ್ಷ ಮೊಣಕಾಲಿನ ಆಪರೇಷನ್ ಆಗಿ ಎರಡು ತಿಂಗಳು ಅವರಿಗೆ ಹೋಗ್ಲಿಕ್ಕಾಗ್ಲಿಲ್ಲ. ಗುಣ ಆಗಿ ಬಂದು ರಿಜಿಸ್ಟರ್ ತೆಗೆದ್ರೆ ಒಂದು ವಾರವೂ ಖಾಲಿ ಇಲ್ಲ, ಮೂರು ಬೇರೆ ಬೇರೆ ಕೈಬರಹ, ಎರಡು ಕನ್ನಡದಲ್ಲಿ, ಒಂದು ಮಲಯಾಳದಲ್ಲಿ.